ಮುಂದಿನ ಸೀಟು

ಗಾಜಿನ ಮೇಲೆ ಕೂರುತ್ತಿರುವ ಮಬ್ಬು ಇಬ್ಬರ ಉಸಿರಿನದೇ ಹೊರತು ಬೇರೆ ಯಾವುದರದೂ ಅಲ್ಲ ಎಂದು ಬೈಮುರಾತ್ ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ಊರು ಬಿಟ್ಟು ನಲವತ್ತು ಕಿಲೋಮೀಟರು ಆಗಿತ್ತು, ಜಿಲ್ಲಾ ಆಸ್ಪತ್ರೆಗೆ ಇನ್ನೂ ಐವತ್ತು. ಹೊರಗೆ ಸೊನ್ನೆಯಿಂದ ಮೂವತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ರಸ್ತೆಯ ಎರಡೂ ಕಡೆ ಬಯಲು, ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಶುರುವಾಯಿತೆಂದು ತಿಳಿಯದಂಥ ಒಂದೇ ಬಿಳುಪು. ಪಕ್ಕದ ಸೀಟಿನಲ್ಲಿ ಸೊಸೆ ಅಕ್ಬೊತಾ ತಲೆವಸ್ತ್ರವನ್ನು ಹುಬ್ಬಿನ ತನಕ ಎಳೆದುಕೊಂಡು, ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಆದಷ್ಟು ಒತ್ತಿ ಕೂತಿದ್ದಳು. ಗಾಜು ತೀರಾ ಮಬ್ಬಾದಾಗ ಅವಳೇ ಕೈಚಾಚಿ ಮಾವನ ಎದುರಿನ ಭಾಗವನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ ಕಡೆ ಗಾಜು ತಿಳಿಯಾಗದೆ ಎಣ್ಣೆಗೈ ತಾಗಿದ ಹಾಗೆ ಜಿಡ್ಡಾಗುತ್ತಿತ್ತು. ಉಸಿರಿಗೆ ಜಿಡ್ಡು ಇರುವುದಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಫಾರ್ಮಿನಲ್ಲಿ ಗಾಡಿ ಓಡಿಸಿದವನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಮೂಗಿಗೆ ಬಡಿಯುತ್ತಿದ್ದ ಆ ಸಿಹಿ ವಾಸನೆ, ಕೊಳೆತ ಸೇಬಿಗೆ ಸಕ್ಕರೆ ಬೆರೆಸಿದಂಥ ವಾಸನೆ, ಎಲ್ಲಿಂದ ಬರುತ್ತದೆಂಬುದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಇಟ್ಟು ರಸ್ತೆ ನೋಡಿದ. ಸೋರುವ ತೂತನ್ನು ಸಾಸಿವೆ ಹಿಡಿದಿದೆ. ನಿನ್ನೆ ಸಂಜೆ ಹಿಡಿದದ್ದು ಇವತ್ತು ಯಾಕೆ ಬಿಡುತ್ತದೆ?

ಗಾಡಿಗೆ ಇಪ್ಪತ್ತೆರಡು ವರ್ಷ. ಒಳಗೆ ಬಿಸಿಗಾಳಿ ಊದುವ ಹೀಟರಿನ ಪುಟ್ಟ ರೇಡಿಯೇಟರು ಮುಂದಿನ ಸೀಟಿನ ಎದುರಿಗೆ, ಹಲಗೆಯ ಕೆಳಗೆ, ಕೂತವರ ಮೊಣಕಾಲಿನ ಹತ್ತಿರ ಇರುತ್ತದೆ. ಚಳಿಗೆ ಹೆಪ್ಪುಗಟ್ಟದಿರಲೆಂದು ಸಿಹಿ ವಾಸನೆಯ ದ್ರವ ಬೆರೆಸಿದ, ಇಂಜಿನ್ನಿನ ಕುದಿವ ನೀಲಿ ನೀರು ಅದರೊಳಗೆ ಸುತ್ತಿ ಹೋಗುತ್ತದೆ. ಶರತ್ಕಾಲದಿಂದಲೇ ಅದು ಹನಿಯುತ್ತಿತ್ತು, ಕಡಿಮೆಯಾದಾಗೆಲ್ಲ ಅವನು ಬರಿಯ ನೀರು ಸುರಿದು ತುಂಬಿಸುತ್ತಿದ್ದ. ಪಕ್ಕದ ಮನೆಯ ಗೆನ್ರಿಖ್ ಒಂದು ಭಾನುವಾರ ಬಿಚ್ಚಿ ಬೆಸುಗೆ ಹಾಕಿಕೊಡುತ್ತೇನೆ ಎಂದಿದ್ದ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಕೆಸರಿನಲ್ಲಿ ಆಡಿದವರು. ಆದರೆ ಅಂಗಡಿಯ ಮುಂದೆ ಎಂಟು ಹತ್ತು ಜನ ನಿಂತಿದ್ದಾಗ ಗೆನ್ರಿಖ್ ನಗುತ್ತಾ, "ಇವನಿಗೇನು ಗೊತ್ತು ಬಿಡ್ರೋ, ಡೈರೆಕ್ಟರ್ ಸಾಹೇಬರ ಡ್ರೈವರು! ಬಾಗಿಲು ತೆಗೆಯೋದು, ಬಾಗಿಲು ಹಾಕೋದು. ಪಾನಾ ಹಿಡಿದವನಾ ಇವನು?" ಎಂದುಬಿಟ್ಟ. ಎಲ್ಲರೂ ನಕ್ಕರು, ಬೈಮುರಾತನೂ ನಕ್ಕ. ಆ ನಗು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು. ಭಾನುವಾರಗಳು ಹೋದವು, ಅವನು ಗೆನ್ರಿಖನ ಬಾಗಿಲು ತಟ್ಟಲಿಲ್ಲ. ನಿನ್ನೆ ಹನಿ ಹೆಚ್ಚಾದಾಗ, ಹಳೆಯ ಡ್ರೈವರುಗಳು ಮಾಡುತ್ತಿದ್ದ ಹಾಗೆ, ಹೆಂಡತಿ ಕುಲ್ಪಾಶಳ ಅಡುಗೆಮನೆಯಿಂದ ಸಾಸಿವೆ ಪುಡಿಯ ಡಬ್ಬಿ ತಂದು ಎರಡು ಚಮಚ ರೇಡಿಯೇಟರಿಗೆ ಸುರಿದ. ಪುಡಿ ನೀರಿನ ಜೊತೆ ಸುತ್ತಿ ತೂತು ಇರುವ ಕಡೆ ಹೋಗಿ ಉಬ್ಬಿ ಕೂರುತ್ತದೆ. ಸಂಜೆಗೆ ಕೆಳಗಿನ ಚಾಪೆ ಒಣಗಿತ್ತು. ಅವನು ಒಬ್ಬನೇ ಗಾಡಿಯಲ್ಲಿ ಕೂತು ಎರಡು ಸಿಗರೇಟು ಸೇದಿದ. ಯಾರಿಗೂ ಬಾಗದೆ ಒಂದು ಕೆಲಸ ಮುಗಿಸಿದ ಸುಖ ಅದು.

ಬೆಳಿಗ್ಗೆ ಅಕ್ಬೊತಾಳಿಗೆ ನೋವು ಶುರುವಾಯಿತು, ದಿನ ತುಂಬಲು ಮೂರು ವಾರ ಇರುವಾಗಲೇ. ಮಗ ತಲ್ಗಾತ್ ಕಲ್ಲಿದ್ದಲ ಗಣಿಯ ಪಾಳಿಗೆ ಹೋಗಿ ಹತ್ತು ದಿನ, ಬರಲು ಇನ್ನೂ ಐದು ದಿನ. ಕುಲ್ಪಾಶ್ ಮಂಜಿನ ಮೇಲೆ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಳು. ಟೆಲಿಫೋನಿನ ತಂತಿಯನ್ನು ಯಾರೋ ತಾಮ್ರಕ್ಕೆಂದು ಕತ್ತರಿಸಿ ವರ್ಷವಾಗಿತ್ತು. ಹಾಗಾಗಿ ಗಾಡಿಯೇ ಗತಿ. ಗೆನ್ರಿಖ್ ಕರೆಯದೆಯೇ ಬಂದ, ಬೆಂಕಿಯ ದೀಪ ಹಿಡಿದು ಚಳಿಗೆ ಮರಗಟ್ಟಿದ ಇಂಜಿನ್ನಿನ ಹೊಟ್ಟೆ ಕಾಯಿಸಿದ, ಆಮೇಲೆ ಬಾಗಿಲು ತೆಗೆದು ಒಳಗೆ ತಲೆ ಹಾಕಿ ನಾಯಿಯ ಹಾಗೆ ಮೂಸಿದ.

"ಸಾಸಿವೆ ಸುರಿದಿದೀಯಾ?"

"ಇಲ್ಲಪ್ಪಾ. ಬೆಸುಗೆ ಹಾಕ್ಸಿದೆ."

"ಯಾರ ಹತ್ರ?"

"ಇದ್ದಾನೆ ಒಬ್ಬ."

"ಇದ್ದಾನೆ ಒಬ್ಬ! ನಿನ್ನ ತಲೆ ಈ ಗಾಡಿಗಿಂತ ಹಳೇದು ಕಣೋ. ಹತ್ತು ನಿಮಿಷ ಕೊಡು, ಹೀಟರಿಗೆ ಹೋಗೋ ಪೈಪು, ಬರೋ ಪೈಪು, ಎರಡನ್ನೂ ಒಂದಕ್ಕೊಂದು ಸೇರಿಸ್ಬಿಡ್ತೀನಿ. ಹೀಟರ್ ಇರಲ್ಲ, ಸೋರೋದೂ ಇರಲ್ಲ. ಹುಡುಗೀನ ಕುರಿಚರ್ಮದಲ್ಲಿ ಸುತ್ತಿ ಕೂರ್ಸು."

"ಬಸುರಿ ಹೆಂಗಸು ಚಳೀಲಿ ನಡುಗ್ತಾ ಹೋಗ್ಬೇಕಾ? ನನ್ನ ಸೊಸೆ ಬೆಚ್ಚಗೆ ಹೋಗ್ತಾಳೆ."

ಗೆನ್ರಿಖ್ ಅವನ ಮುಖವನ್ನೇ ನೋಡಿದ. "ನಿನ್ನಿಷ್ಟ. ಆದ್ರೆ ಅವಳಿಗೆ ಹೇಳಿರು, ಕಾಲ ಹತ್ರ ಒಂದು ಹನಿ ಒದ್ದೆ ಆದ್ರೂ ಆ ಕ್ಷಣ ಬಾಯಿಬಿಡ್ಲಿ. ಕುದಿಯೋ ನೀರು ಅದು."

"ಹೇಳ್ತೀನಿ ಬಿಡು."

ಕುಲ್ಪಾಶ್ ಕಿಟಕಿಯ ಹತ್ತಿರ ಕೋಲೂರಿ ನಿಂತು ಹಾಲು ಬೆರೆಸಿದ ಚಹಾದ ಫ್ಲಾಸ್ಕನ್ನೂ, ಬಟ್ಟೆಯಲ್ಲಿ ಕಟ್ಟಿದ ಕರಿದ ಹಿಟ್ಟಿನುಂಡೆಗಳನ್ನೂ ಕೊಟ್ಟು, "ಏನೂಂದ್ರೆ, ಇವಳು ತಾನಾಗಿ ಬಾಯಿ ಬಿಡೋಳಲ್ಲ, ನೀವೇ ಕೇಳ್ತಾ ಇರ್ಬೇಕು" ಎಂದಳು. ಸೊಸೆ ಪದ್ಧತಿಯಂತೆ ಗಾಡಿಯ ಹಿಂದಿನ ಬಾಗಿಲಿಗೆ ಹೋದಳು. ಹಿಂದಿನ ಗಾಜು ಒಡೆದು ಪ್ಲಾಸ್ಟಿಕ್ಕು ಹಚ್ಚಿತ್ತು, ಅಲ್ಲಿ ನಾಯಿಯೂ ಕೂರಲಾರದು. "ಮುಂದೆ ಕೂರಮ್ಮಾ, ಬಿಸಿ ಅಲ್ಲಿದೆ" ಎಂದು ಬೈಮುರಾತನೇ ಹೇಳಿದ. ಅವಳು ಹಿಂಜರಿದಳು. ಅವನು ದನಿ ಏರಿಸಿ ಇನ್ನೊಮ್ಮೆ ಹೇಳಬೇಕಾಯಿತು. ಕೂತ ಮೇಲೆ ಆ ಇನ್ನೊಂದು ಮಾತನ್ನು, ಕಾಲಿನ ಮಾತನ್ನು, ಹೇಳಲು ಬಾಯಿ ತೆರೆದ. ಮಾವನಾದವನು ಸೊಸೆಯ ಎದುರು ಅವಳ ಕಾಲಿನ ವಿಚಾರ ಎತ್ತುವುದು ಹೇಗೆ? ಮದುವೆಯಾಗಿ ಎರಡು ವರ್ಷದಲ್ಲಿ ಅವಳು ಅವನ ಹೆಸರು ಹೇಳಿದವಳಲ್ಲ, ಮುಖವೆತ್ತಿ ನೋಡಿದವಳಲ್ಲ, ಅವನಿಗೆ ಬೆನ್ನು ತಿರುಗಿಸಿ ಬಾಗಿಲು ದಾಟಿದವಳಲ್ಲ. ಅವನೂ ಅವಳೆದುರು ಕಾಲು ಚಾಚಿ ಕೂತವನಲ್ಲ. ಊರ ಹೊರಗಿನ ಸ್ಮಶಾನ ದಾಟುವಾಗ ಕೈಯನ್ನು ಮುಖದ ಮೇಲೆ ಸವರಿ ಹಿರಿಯರನ್ನು ನೆನೆದ. ಆಮೇಲೆ ಹೇಳೋಣ ಎಂದುಕೊಂಡ. ಅದೂ ಹೋಯಿತು.

"ಬೆಚ್ಚಗಿದೆಯೇನಮ್ಮಾ?" ಎಂದು ಈಗ ಕೇಳಿದ. ಕೇಳಬೇಕೆಂದು ಹೆಂಡತಿ ಹೇಳಿದ್ದಳಲ್ಲ.

"ಬೆಚ್ಚಗಿದೆ ಮಾವ" ಎಂದಳು ಅವಳು, ಸ್ವಲ್ಪ ತಡೆದು.

ಉತ್ತರ ಕೇಳಿ ಅವನಿಗೆ ಸಮಾಧಾನವಾಯಿತು. ಒಳ್ಳೆಯ ಹುಡುಗಿ. ನೋವು ಬಂದಾಗ ಬಾಗಿಲ ಹಿಡಿಕೆಯನ್ನು ಹಿಡಿಯುತ್ತಿದ್ದಳಷ್ಟೇ, ಸದ್ದಿಲ್ಲ. ಅವನ ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ. ಕುಲ್ಪಾಶ್ ಹೊಸದಾಗಿ ಮನೆಗೆ ಬಂದ ಚಳಿಗಾಲದಲ್ಲಿ, ನೆಂಟರು ತುಂಬಿದ ಕೋಣೆಯಲ್ಲಿ ಅವಳು ಅಪ್ಪನಿಗೆ ಚಹಾ ಕೊಡುವಾಗ ನೀರು ಕಾಯಿಸುವ ಸಮೋವರಿನ ನಲ್ಲಿ ಕೈಕೊಟ್ಟು ಕುದಿನೀರು ಮಣಿಕಟ್ಟಿನ ಮೇಲೆ ಹರಿಯಿತು. ಅವಳು ಬಟ್ಟಲನ್ನು ಅಲುಗಿಸದೆ ಎರಡೂ ಕೈಯಿಂದ ಮಾವನಿಗೆ ಒಪ್ಪಿಸಿ, ಬಾಗಿ, ಹಿಂದಕ್ಕೆ ಸರಿದು, ಹೊರಗೆ ಹೋಗಿ ಹಿಮದಲ್ಲಿ ಕೈ ಹೂತು ಕೂತಳು. ಅಪ್ಪ ಆ ಕಥೆಯನ್ನು ಸಾಯುವ ತನಕ ಹೇಳಿದ, "ಸೊಸೆ ಅಂದ್ರೆ ಹಾಗಿರ್ಬೇಕು!" ಬೈಮುರಾತನೂ ಅಂದು ಗಂಡನ ಹೆಮ್ಮೆಯಿಂದ ಎದೆಯುಬ್ಬಿಸಿ ಕೂತಿದ್ದ, ಹೊರಗೆ ಎದ್ದು ಹೋಗಲಿಲ್ಲ. ಅವಳ ಮಣಿಕಟ್ಟಿನ ಆ ಹೊಳೆಯುವ ಚರ್ಮವನ್ನು ಅವನು ಮೂವತ್ತು ವರ್ಷದಿಂದ ದಿನಾ ನೋಡುತ್ತಿದ್ದಾನೆ, ನೋಡುತ್ತಾ ನೋಡುತ್ತಾ ಅದು ಹುಟ್ಟಿದಾಗಲೇ ಇತ್ತೇನೋ ಎನ್ನುವಷ್ಟು ರೂಢಿಯಾಗಿ ಹೋಗಿದೆ. ಇದನ್ನು ಈಗ ಯಾಕೆ ನೆನೆದೆ ಎಂದುಕೊಳ್ಳುವಷ್ಟರಲ್ಲಿ ಇಂಜಿನ್ನಿನ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ನಡುಗುತ್ತಿರುವುದು ಕಣ್ಣಿಗೆ ಬಿತ್ತು.

ಐವತ್ತನೆಯ ಕಿಲೋಮೀಟರಿನ ಕಲ್ಲಿನ ಹತ್ತಿರ ನಿಲ್ಲಿಸಿ ಇಳಿದು ಮುಂದಿನ ಮುಚ್ಚಳ ಎತ್ತಿದರೆ, ನೀಲಿ ನೀರಿನ ಡಬ್ಬಿಯ ತಳ ಕಾಣುತ್ತಿತ್ತು. ಇಷ್ಟು ನೀರು ಎಲ್ಲಿಗೆ ಹೋಯಿತೆಂದು ಕೇಳಿಕೊಳ್ಳುವ ಧೈರ್ಯ ಬರಲಿಲ್ಲ. ಕೆಳಗಿನ ದೊಡ್ಡ ಪೈಪಿನಿಂದ ರಸ್ತೆಗೆ ಹೋಗಿರಬೇಕು ಎಂದುಕೊಂಡ. ಆದರೂ ಕೈಗೆ ಬುದ್ಧಿಯಿತ್ತು. ಅವನು ಮುಖ ಆಚೆ ತಿರುಗಿಸಿಕೊಂಡಿದ್ದಂತೆಯೇ ಅದು ತಾನಾಗಿ ಒಳಗೆ ಹೋಗಿ, ಸೊಸೆಯ ಮೊಣಕಾಲಿಗೆ ತಾಗದ ಹಾಗೆ ತಡವರಿಸಿ, ಹೀಟರಿನ ನಲ್ಲಿಯನ್ನು ತಿರುಗಿಸಿ ಬಂದ್ ಮಾಡಿತು. ಮುಖ ಅತ್ತ ತಿರುಗಿಸಿದ್ದರಿಂದ ಕೆಳಗೆ ಏನಿದೆಯೆಂದು ಅವನು ನೋಡಲಿಲ್ಲ. ಈಗ ಇಂಜಿನ್ನಿಗೆ ಹಾಕಲು ನೀರು ಬೇಕು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಹಿಮವೇ ಇದ್ದರೂ ಸುರಿಯಲು ಒಂದು ಲೋಟ ನೀರಿಲ್ಲ. ಫ್ಲಾಸ್ಕು ನೆನಪಾಯಿತು.

"ಚಹಾ ಬೇಕಾಗಿತ್ತಮ್ಮಾ... ಗಾಡಿಗೆ" ಎಂದ, ನಾಚಿಕೆಯಿಂದ.

ಅವಳು ತಲೆ ತಗ್ಗಿಸಿಕೊಂಡೇ ಫ್ಲಾಸ್ಕನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಹಾಲಿನ ಚಹಾ ಗುಳುಗುಳು ಎಂದು ಡಬ್ಬಿಗೆ ಇಳಿಯಿತು. ಒಂದು ಬಟ್ಟಲಾದರೂ ಅವಳಿಗೆ ಉಳಿಸಬೇಕೆಂದುಕೊಂಡ, ಉಳಿಸಲಾಗಲಿಲ್ಲ. "ಹೀಟರ್ ನಿಲ್ಸಿದೀನಿ. ಇನ್ನು ನಲವತ್ತೇ ಕಿಲೋಮೀಟರು, ಮುಕ್ಕಾಲು ಗಂಟೆ. ತಡ್ಕೋತೀಯಾ?" ಅವಳು ತಲೆಯಾಡಿಸಿದಳು. ತುಟಿ ಬಿಳಿಚಿತ್ತು. ನೋವಿಗೆ ಬಿಳಿಚಿದೆ ಎಂದುಕೊಂಡ.

ಹೀಟರ್ ನಿಂತ ಗಾಡಿ ಐದು ನಿಮಿಷದಲ್ಲಿ ಕಬ್ಬಿಣದ ಪೆಟ್ಟಿಗೆಯಾಯಿತು. ಗಾಜಿನ ಮೇಲಿನ ಜಿಡ್ಡು ಒಳಗಿನಿಂದಲೇ ಹೆಪ್ಪುಗಟ್ಟಿ ಜರೀಗಿಡದ ಹಾಗೆ ಹಬ್ಬಿತು. ಅವನು ಬಾಚಣಿಗೆಯಿಂದ ಕೆರೆದು ಒಂದು ಅಂಗೈಯಷ್ಟು ಕಿಂಡಿ ಮಾಡಿಕೊಂಡು ಅದರಲ್ಲಿ ಕಣ್ಣಿಟ್ಟು ಓಡಿಸಿದ. ಕಿಂಡಿ ಮುಚ್ಚುತ್ತಿತ್ತು, ಕೆರೆಯುತ್ತಿದ್ದ. ಆಗ ಆ ಸದ್ದು ಶುರುವಾಯಿತು. ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್, ಟಕ್. ಮರದ ತುಂಡನ್ನು ತಗಡಿಗೆ ಬಡಿದ ಹಾಗೆ, ಬಲಗಡೆ, ಮುಂದಿನ ಚಕ್ರದ ಕಡೆಯಿಂದ. ಅವನ ಕಿವಿ ನೆಟ್ಟಗಾಯಿತು. ಚಕ್ರದ ಹತ್ತಿರದ ಗುಂಡು ಕೀಲು ಸಡಿಲಾಯಿತೇ? ಗುಂಡಿಗೆ ಬಿದ್ದಾಗ ಬರಬೇಕಾಗಿದ್ದ ಸದ್ದು ಸಮತಟ್ಟು ರಸ್ತೆಯಲ್ಲೂ ಬರುತ್ತಿದೆಯಲ್ಲ. ನಿಧಾನ ಮಾಡಿ ನೋಡಿದ, ಜೋರು ಮಾಡಿ ನೋಡಿದ. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಏಳೆಂಟು ನಿಮಿಷಕ್ಕೊಮ್ಮೆ ಬರುತ್ತದೆ, ಬಂದಾಗ ನಾಲ್ಕೈದು ಸಲ ಬಡಿಯುತ್ತದೆ, ನಿಲ್ಲುತ್ತದೆ. ಎಂಥ ಕೀಲು ಇದು? ಚಕ್ರ ಕಳಚಿದರೆ ಇಬ್ಬರೂ, ಅಲ್ಲ, ಮೂವರೂ ಇಲ್ಲೇ ಕಲ್ಲಾಗುತ್ತೇವೆ. ಡೈರೆಕ್ಟರನನ್ನು ಕೂರಿಸಿಕೊಂಡು ಹಿಮಗಾಳಿಯಲ್ಲಿ ರಾತ್ರಿಯಿಡೀ ಓಡಿಸಿದವನು, ಇಂಜಿನ್ನಿನ ಕೆಮ್ಮು ಕೇಳಿ ಯಾವ ಬೋಲ್ಟು ಎಂದು ಹೇಳುತ್ತಿದ್ದವನು, ಇದೊಂದು ಸದ್ದನ್ನು ಗುರುತಿಸಲಾರದೆ ಬೆವರಿದ. ಮುಂದಿನ ಸಲ ಅದು ಬಂದಾಗ ಉಸಿರು ಬಿಗಿಹಿಡಿದು ಕೇಳಿದ. ಟಕ್, ಟಕ್, ಟಕ್. ಸದ್ದಿನ ಜೊತೆಗೇ ಬಾಗಿಲ ಹಿಡಿಕೆ ಕಿರ್ರೆಂದಿತು. ಅವನು ಪಕ್ಕಕ್ಕೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ, ಸೊಸೆಯ ಕಾಲ ಕಡೆ ನೋಡಿದ.

ನೋವು ಬಂದಾಗ ಅವಳ ಕಾಲುಗಳು ನೆಲ ಬಡಿಯುತ್ತಿದ್ದವು. ಉಣ್ಣೆ ಅದುಮಿ ಮಾಡಿದ ಬೂಟುಗಳು ಸದ್ದು ಮಾಡುವ ವಸ್ತುವಲ್ಲ, ಬೆಕ್ಕಿನ ಹೆಜ್ಜೆಯ ಹಾಗೆ ಇರಬೇಕು. ಅವು ಮೊಣಕಾಲಿನ ತನಕ ನೀಲಿ ಮಂಜುಗಡ್ಡೆಯಾಗಿ ಹೊಳೆಯುತ್ತಿದ್ದವು. ಚಾಪೆಯ ಮೇಲೆ ನೀಲಿ ಗಾಜು ಹಾಸಿದಂತಿತ್ತು.

ಗಾಡಿ ಯಾವಾಗ ನಿಂತಿತೋ ಅವನಿಗೆ ತಿಳಿಯದು. ಇಂಜಿನ್ ಓಡುತ್ತಲೇ ಇತ್ತು. ಅವನು ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದು ಹಿಮದಲ್ಲಿ ಮಂಡಿಯೂರಿದ.

"ಯಾವಾಗಿಂದ?"

ಅವಳು ತಲೆವಸ್ತ್ರವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ಯಾವಾಗಿಂದ ಅಂದೆ, ಹೇಳೇ!"

"ಸ್ಮಶಾನ ದಾಟಿದ ಮೇಲೆ... ಮೊದ್ಲು ಬಿಸಿ ಇತ್ತು ಮಾವ. ತುಂಬಾ ಬಿಸಿ ಇತ್ತು."

"ಹೇಳ್ಬಾರ್ದಾ? ಬಾಯಿಲ್ವಾ ನಿನಗೆ?"

"ನೀವು ಓಡಿಸ್ತಿದ್ರಿ" ಎಂದಳು ಅವಳು. "ಆಮೇಲೆ ಬಿಸಿ ನಿಂತೋಯ್ತು. ಈಗ ಏನೂ ನೋಯ್ತಿಲ್ಲ ಮಾವ. ನಿಜ, ಒಂಚೂರೂ ನೋಯ್ತಿಲ್ಲ."

ಚಳಿನಾಡಿನಲ್ಲಿ ಹುಟ್ಟಿದವರಿಗೆ ನೋಯುತ್ತಿಲ್ಲ ಎನ್ನುವ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಹೆಪ್ಪುಗಟ್ಟಿ ಸಾಯುವ ಕಾಲಿಗೆ ನೋವಿರುವುದಿಲ್ಲ. ಬೆಚ್ಚಗಿದೆ ಮಾವ. ತಾನು ಕೇಳಿದಾಗ ಕುದಿಯುವ ನೀರು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವನು ಜೇಬಿನ ಚಾಕು ತೆಗೆದು ಬೂಟುಗಳನ್ನು ಉದ್ದಕ್ಕೆ ಸೀಳಿದ. ಅವಸರಕ್ಕೆ ಚಾಕು ತನ್ನ ಹೆಬ್ಬೆರಳಿಗೇ ತಾಗಿತು. ಒಳಗಿನ ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಮೇಲ್ಪಾದದಲ್ಲಿ ಬೊಬ್ಬೆಯೆದ್ದು ಒಡೆದ ಕೆಂಪು. ಬೆರಳುಗಳು ಮೇಣದ ಬತ್ತಿಯ ತುಂಡುಗಳಂತೆ ಬೆಳ್ಳಗೆ, ಮುಟ್ಟಿದರೆ ಗಟ್ಟಿ. ಅವನು ಕೋಟಿನ ಗುಂಡಿ ಕಿತ್ತು, ಅಂಗಿ ಎತ್ತಿ, ಎರಡೂ ಪಾದಗಳನ್ನು ತನ್ನ ಬರಿಯ ಹೊಟ್ಟೆಗೆ ಒತ್ತಿಕೊಂಡ. ಅಕ್ಬೊತಾ ಕಿಟ್ಟನೆ ಚೀರಿ ಕಾಲು ಎಳೆದುಕೊಳ್ಳಲು ಹೋದಳು.

"ಬೇಡಿ ಮಾವ, ಪಾಪ ಬರುತ್ತೆ, ಬೇಡಿ..."

"ಸುಮ್ನಿರು. ಪಾಪ ನನ್ನ ಹತ್ರ ಬೇಕಾದಷ್ಟಿದೆ."

ಎಷ್ಟು ಹೊತ್ತು ಹಾಗೆ ಹಿಡಿದಿದ್ದನೋ. ಎರಡು ನಿಮಿಷವೋ ಹತ್ತೋ. ಎರಡು ಮೀನುಗಳನ್ನು ನದಿಯ ಮಂಜುಗಡ್ಡೆಯ ಕೆಳಗಿಂದ ತೆಗೆದು ಎದೆಗೆ ಇಟ್ಟುಕೊಂಡ ಹಾಗಿತ್ತು. ಹಿಡಿದುಕೊಂಡರೆ ಕಾಲು ಉಳಿಯಬಹುದು, ಆದರೆ ಗಾಡಿ ಓಡಿಸುವವರಾರು? ಬಿಟ್ಟು ಓಡಿಸಿದರೆ ಮಗು ಉಳಿಯಬಹುದು, ಕಾಲು? ಅವಳ ಮೈ ಮತ್ತೆ ಬಿಲ್ಲಿನಂತೆ ಬಾಗಿತು, ಪಾದಗಳು ಅವನ ಹೊಟ್ಟೆಯನ್ನು ಒದ್ದವು. ಈ ಸಲದ ನೋವು ಐದೇ ನಿಮಿಷಕ್ಕೆ ಬಂದಿತ್ತು. ರಸ್ತೆಯ ಎರಡು ತುದಿಯಲ್ಲೂ ಒಂದು ಗಾಡಿಯ ಚುಕ್ಕೆಯಿಲ್ಲ. ಅವನು ತನ್ನ ತುಪ್ಪಳದ ಬೂಟುಗಳನ್ನು ಕಳಚಿ, ತನ್ನ ಕಾಲಿನ ಬಿಸಿ ಇನ್ನೂ ಆರದ ಅವುಗಳನ್ನು ಅವಳಿಗೆ ತೊಡಿಸಿ, ಟೋಪಿಯನ್ನು ಅವಳ ಹಿಮ್ಮಡಿಯ ಹಿಂದೆ ತುರುಕಿ, ಕೋಟನ್ನು ಅದರ ಮೇಲೆ ಸುತ್ತಿದ. ಉಳಿದ ಇಪ್ಪತ್ತೈದು ಕಿಲೋಮೀಟರು ಬರಿಯ ಉಣ್ಣೆಯ ಕಾಲುಚೀಲದಲ್ಲಿ ಪೆಡಲು ಒತ್ತಿದ. ಚಹಾ ಕುಡಿದ ಇಂಜಿನ್ ಹಾಲು ಸೀದ ವಾಸನೆ ಹೊಡೆಯುತ್ತಾ ಓಡಿತು. ಗೊತ್ತಿತ್ತು ನನಗೆ, ಗೊತ್ತಿತ್ತು, ಎಂದು ಅವನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ಕಿಂಡಿ ಮುಚ್ಚಿದರೂ ಕೆರೆಯಲು ಮರೆಯುತ್ತಿದ್ದ.

ಆಸ್ಪತ್ರೆಯಲ್ಲಿ ಇಬ್ಬರು ಹೆಂಗಸರು ತಳ್ಳುಗಾಡಿ ತಂದು ಅವಳನ್ನು ಒಳಗೆ ಒಯ್ದರು. ಅವನು ಹಿಂದೆಯೇ ಹೋದ. ಓಣಿಯ ನೆಲ ಒರೆಸುತ್ತಿದ್ದ ಮುದುಕಿ ಒರೆಸುಗೋಲು ಅಡ್ಡ ಹಿಡಿದಳು.

"ಅಯ್ಯೋ ಅಜ್ಜಾ, ಬೂಟೆಲ್ಲಿ? ಬೆಳಿಗ್ಗೇನೇ ಏರಿಸ್ಕೊಂಡು ಬಂದಿದೀಯಾ? ಈಗಷ್ಟೇ ಒರೆಸಿದ್ದೆ ನೋಡು, ಏನಿದು ನೀಲಿ ನೀಲಿ!"

ಅವನು ಒದ್ದೆ ಕಾಲುಚೀಲದಲ್ಲಿ ಪಕ್ಕಕ್ಕೆ ಸರಿದು ಗೋಡೆಗೆ ಒರಗಿದ. ಅರೆ ತೆರೆದ ಬಾಗಿಲ ಆಚೆ ನರ್ಸಮ್ಮನ ದನಿ ಕೇಳಿಸಿತು. "ಇದೇನೇ ತಾಯಿ, ಕಾಲು ಬೆಂದೂ ಇದೆ, ಹೆಪ್ಪುಗಟ್ಟಿಯೂ ಇದೆ. ಏನ್ ಮಾಡ್ಕೊಂಡೆ?"

"ಚಹಾ ಚೆಲ್ಲಿಕೊಂಡೆ" ಎಂದಳು ಅಕ್ಬೊತಾ. "ಫ್ಲಾಸ್ಕು ನನ್ನ ಕೈಯಿಂದಲೇ ಜಾರ್ತು. ಮಾವನಿಗೆ ಗೊತ್ತೇ ಆಗ್ಲಿಲ್ಲ."

ಬೈಮುರಾತ್ ಬಾಗಿಲು ತಳ್ಳಿದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಎಷ್ಟು ಸುಲಭವೆಂದು ಬಾಗಿಲು ತಳ್ಳಿದ ಕೈಗೂ ಗೊತ್ತಿತ್ತು. ಊರಿಡೀ ಚಹಾದ ಕಥೆಯನ್ನೇ ನಂಬುತ್ತದೆ, ಗೆನ್ರಿಖನೊಬ್ಬ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾನೆ. "ಚಹಾ ಅಲ್ಲಮ್ಮಾ" ಎಂದ. "ಗಾಡಿ ಹೀಟರಿನ ನೀರು. ಸೋರುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಕೂರ್ಸಿದೆ. ಇವಳು ಹಿಂದೆ ಹೋಗ್ತಿದ್ಳು, ನಾನೇ ಗದರಿಸಿ ಮುಂದೆ..."

ನರ್ಸಮ್ಮ ತಿರುಗಿಯೂ ನೋಡಲಿಲ್ಲ. "ಚಹಾ ಆದ್ರೇನು, ಹೀಟರ್ ನೀರಾದ್ರೇನು ಅಜ್ಜಾ, ತೊಳೀಬೇಕಾದವ್ಳು ನಾನೇ. ನಡೀರಿ ಆಚೆ. ಹೆಂಗಸರ ಕೋಣೆ ಇದು." ಬಾಗಿಲು ಮುಚ್ಚಿತು. ಅಷ್ಟು ಭಾರದ ಮಾತನ್ನು ತಂದು ಇಳಿಸಿದರೆ ಹಿಡಿದುಕೊಳ್ಳಲು ಅಲ್ಲಿ ಯಾರ ಕೈಯೂ ಖಾಲಿ ಇರಲಿಲ್ಲ. ಬಾಗಿಲು ಮುಚ್ಚುವ ಮೊದಲು ಅಕ್ಬೊತಾ ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ಮಾತ್ರ ಕಂಡ.

ಸ್ವಲ್ಪ ಹೊತ್ತಿಗೆ ಹರೆಯದ ಡಾಕ್ಟರೊಬ್ಬ ಹೊರಗೆ ಬಂದು, ಮಗುವಿನ ಎದೆಬಡಿತ ಚೆನ್ನಾಗಿದೆ, ಹೆರಿಗೆ ಇನ್ನೇನು ಆಗುತ್ತದೆ, ಬಲಗಾಲು ಉಳಿಯುತ್ತದೆ, ಎಡಗಾಲಿನ ಎರಡು ಬೆರಳು ಹೋಗುತ್ತವೆ, ಮೂರಾದರೂ ಆದೀತು ಎಂದು ಒಂದೇ ಉಸಿರಿನಲ್ಲಿ ಹೇಳಿ ಹೋದ. ಬೈಮುರಾತ್ ಬೆಂಚಿನ ಮೇಲೆ ಕೂತು ಕಾಲುಚೀಲ ಕಳಚಿ ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡ. ಹತ್ತೂ ಇದ್ದವು. ಕಾಲಿಗೆ ರಕ್ತ ಮರಳುತ್ತಿದ್ದ ಹಾಗೆ ಸಾವಿರ ಸೂಜಿ ಚುಚ್ಚಿದ ನೋವು. ಒಳಗೆ ಅವಳ ಕಾಲಿಗೂ ಈಗ ಹೀಗೇ ರಕ್ತ ಮರಳುತ್ತಿರಬೇಕು, ಇದರ ಹತ್ತರಷ್ಟು, ಅದರ ಮೇಲೆ ಹೆರಿಗೆಯ ನೋವು. ಆದರೆ ಬಾಗಿಲ ಆಚೆಯಿಂದ ಸದ್ದಿಲ್ಲ. ಹಲ್ಲಿನ ನಡುವೆ ಬಟ್ಟೆ ಕಚ್ಚಿ ಹಿಡಿದವರ ಮೂಗಿನ ಉಸಿರು ಮಾತ್ರ.

ನೆಲ ಒರೆಸುವ ಮುದುಕಿ ಬಕೆಟ್ಟು ಇಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. ಈಗ ಅವಳ ದನಿ ಮೆತ್ತಗಾಗಿತ್ತು. "ನಿಮ್ಮ ಸೊಸೇನಾ ಒಳಗಿರೋದು? ಈಗಿನ ಹುಡುಗೀರು ಚಾವಣಿ ಕಿತ್ತೋಗೋ ಹಾಗೆ ಅರಚ್ತಾರೆ. ಇವಳು ನೋಡಿ, ಹೊರಗೆ ಮಾವ ಕೂತಿದಾರೆ ಅಂತ ಒಂದು ಚೂರು ಸದ್ದಿಲ್ಲ. ಪುಣ್ಯ ಮಾಡಿದ್ರಿ ಅಣ್ಣಾ. ಎಂಥ ಸೊಸೆ!"

ಬೈಮುರಾತ್ ಎದ್ದ. ಮುದುಕಿ ಏನೋ ಹೇಳುತ್ತಲೇ ಇದ್ದಳು. ಅವನು ಬಾಗಿಲ ತನಕ ಹೋಗಿ ಮುಷ್ಟಿಯಿಂದ ಗುದ್ದಿದ. ಜನ್ಮದಲ್ಲಿ ಯಾರ ಮುಂದೆಯೂ ಅಷ್ಟು ಏರಿಸದಿದ್ದ ದನಿಯಲ್ಲಿ, ಓಣಿಯ ಆ ತುದಿಯ ಜನ ತಲೆ ಹೊರಹಾಕಿ ನೋಡುವ ಹಾಗೆ, ಕೂಗಿದ.

"ಕೂಗೇ ನನ್ನ ತಾಯಿ! ಕೂಗು! ನಾನು ಇಲ್ಲೇ ಇದ್ದೀನಿ, ಕೇಳಿಸ್ಕೊಳ್ಳೋಕೇ ನಿಂತಿದೀನಿ. ಕೂಗೇ!"

ನರ್ಸಮ್ಮ ಒಳಗಿಂದ ಬೈದಳು. ಮುದುಕಿ ಅವನ ತೋಳು ಹಿಡಿದು ಎಳೆದಳು. ಆಮೇಲೆ ಬಾಗಿಲ ಆಚೆಯಿಂದ ಕೂಗು ಬಂತು, ಮೊದಲು ಸಣ್ಣಗೆ, ಬಾಯಿಂದ ಬಟ್ಟೆ ತೆಗೆದ ಹಾಗೆ. ಮರುಗಳಿಗೆಗೆ ಗೋಡೆ ನಡುಗುವ ಹಾಗೆ, ನಿಲ್ಲದ ಹಾಗೆ. ಅದರಲ್ಲಿ ಬರಿಯ ನೋವಷ್ಟೇ ಇರಲಿಲ್ಲ, ಬೈಗುಳವೂ ಇತ್ತು, ತನ್ನ ಹೆಸರೂ ಇತ್ತೇನೋ. ಬೈಮುರಾತ್ ಬಾಗಿಲಿಗೆ ಹಣೆ ಹಚ್ಚಿ, ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳುತ್ತಾ ನಿಂತ.